ಆಫ್ರಿಕಾಕ್ಕೆ ಇಟ್ಟ ಪ್ರಸ್ಥಾನ

ನಮ್ಮ ಮನೆಯವರಿಗೆ ಪ್ರಯಾಣದಲ್ಲಿ ಏನಾಗುವುದಿದ್ದರೂ ಹೊರಡುವ ಮುಂಚೆಯೇ ಆಗಿಬಿಡುತ್ತದೆ. ಜೋಗ ನೋಡಲು ಬೆಳಿಗ್ಗೆ ಹೊರಟವರು ಗೇಟಿನ ಬೀಗ ಹುಡುಕುತ್ತಾ ಮಧ್ಯಾಹ್ನ ಮಾಡಿ, ಕಟ್ಟಿಕೊಂಡ ಬುತ್ತಿಯನ್ನು ಜಗಲಿಯಲ್ಲೇ ಉಂಡು, ಒಳಗೆ ಹೋಗಿ ಮಲಗಿದ್ದುಂಟು. ಅಂಥವರು ಐದು ಜನ ಸೇರಿ ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ, ನಮೀಬಿಯಾ ಅಂತ ಮೂರು ದೇಶಗಳನ್ನು ಇಪ್ಪತ್ನಾಲ್ಕು ದಿನ ರಸ್ತೆಯಲ್ಲೇ ಸುತ್ತಿ, ಟೆಂಟಿನಲ್ಲಿ ಮಲಗಿ, ನಾವೇ ಬೇಯಿಸಿಕೊಂಡು ತಿಂದು ಬರುತ್ತೇವೆ ಅಂತ ಹೊರಟರೆ ಏನೆಲ್ಲ ಆಗಬಹುದು ನೀವೇ ಊಹಿಸಿ. ನಾಡಿದ್ದು ವಿಮಾನ. ಹೋಗಿ ಬಂದವರು ಪ್ರವಾಸಕಥನ ಬರೆಯುತ್ತಾರೆ. ನಮಗೆ ಹೋಗುವ ಮುಂಚೆಯೇ ಬರೆಯುವಷ್ಟಾಗಿದೆ.

೧. ಏನೂ ಇಲ್ಲದ ಜಾಗ

ಎಲ್ಲ ಶುರುವಾದದ್ದು ಭಾವನ ಕಣ್ಣಿನಿಂದ. ಭಾವ ಅಂದರೆ ನನ್ನ ಅಕ್ಕನ ಗಂಡ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಯಂತ್ರಗಳ ನಕ್ಷೆ ಬರೆದು ನಿವೃತ್ತರಾದವರು. ಅವರಿಗೆ ಗ್ಲಾಕೋಮಾ. ಅಂಚಿನಿಂದ ಮಾಸುತ್ತಾ ಬಂದು ಈಗ ಕೊಳವೆಯಲ್ಲಿ ಇಣುಕಿದಷ್ಟು ಮಾತ್ರ ಕಾಣುತ್ತದೆ. ಎಂಟು ತಿಂಗಳ ಹಿಂದೆ ಡಾಕ್ಟರು ಹೇಳಿದರು: "ಹೋದದ್ದು ವಾಪಸ್ ಬರಲ್ಲ. ಉಳಿದದ್ದು ಒಂದು ವರ್ಷವೋ ಎರಡು ವರ್ಷವೋ, ಹೇಳೋಕಾಗಲ್ಲ. ನೋಡೋದೇನಾದ್ರೂ ಇದ್ರೆ ಮುಂದಕ್ಕೆ ಹಾಕ್ಬೇಡಿ."

ಅಲ್ಲಿಂದ ಸೀದಾ ಶಿವಮೊಗ್ಗದ ವಿದ್ಯಾನಗರದಲ್ಲಿರುವ ನಮ್ಮ ಮನೆಗೆ ಬಂದು ಮೂವರೂ ಕೂತೆವು. ಯಾರೂ ಕಣ್ಣಿನ ಮಾತೆತ್ತಲಿಲ್ಲ. ಕಾಫಿ ಆರಿತು. ಕೊನೆಗೆ ಅಕ್ಕ, "ಕಾಶಿಗೆ ಹೋಗಿ ಬರೋಣ ಕಣ್ರೀ" ಅಂದಳು.

"ಕಾಶೀಲಿ ಜನ ಜಾಸ್ತಿ. ನನಗೆ ಏನೂ ಇಲ್ಲದ ಜಾಗ ನೋಡ್ಬೇಕು" ಅಂದರು ಭಾವ.

"ಏನೂ ಇಲ್ಲದ್ದನ್ನ ನೋಡೋಕೆ ಕಣ್ಣು ಯಾಕ್ರೀ ಬೇಕು?" ಅಂದುಬಿಟ್ಟಳು ಅಕ್ಕ. ಅಂದವಳು ತಾನೇ ಬೆಚ್ಚಿ, ಎದ್ದು ಅಡುಗೆಮನೆಗೆ ಹೋದಳು.

ಭಾವ ನನ್ನ ಕಡೆ ತಿರುಗಿದರು. "ನೋಡು ಮಾರಾಯ್ತಿ, ಈಗ ನಾನು ಏನು ನೋಡಿದ್ರೂ ಪಕ್ಕದಲ್ಲಿ ಏನು ತಪ್ಪಿಹೋಯ್ತೋ ಅನ್ನೋದೇ ಚಿಂತೆ. ಬೋಟ್ಸ್ವಾನಾದಲ್ಲಿ ಉಪ್ಪಿನ ಬಯಲು ಅಂತ ಇದೆಯಂತೆ. ಕಣ್ಣು ಹಾಯಿಸಿದಷ್ಟೂ ಬಿಳೀ ನೆಲ, ಒಂದು ಗಿಡ ಇಲ್ಲ. ಅಲ್ಲಿ ಪಕ್ಕದಲ್ಲೂ ಏನೂ ಇರಲ್ಲ. ಅಲ್ಲಿ ನಿಂತ್ರೆ ನನಗೂ ನಿನಗೂ ಒಂದೇ ಕಾಣತ್ತೆ."

ಅಲ್ಲಿಗೆ ತೀರ್ಮಾನವಾಯಿತು. ಆ ಬಯಲು ಒಣಗಿರುವಾಗಲೇ ಹೋಗಬೇಕು, ಅಂದರೆ ಜುಲೈ. ವಿಮಾನ, ಗಾಡಿ, ಟೆಂಟು, ವೀಸಾ ಎಲ್ಲ ನನ್ನ ತಲೆಗೆ ಬಂತು. ನಾನು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತೇನೆ, ಆದ್ದರಿಂದ ಭೂಮಿಯಷ್ಟೂ ನನಗೆ ಗೊತ್ತು ಎಂದು ನಮ್ಮ ಮನೆಯವರ ನಂಬಿಕೆ. ಇಪ್ಪತ್ತು ವರ್ಷದಿಂದ ಕಲಹರಿ ಮರುಭೂಮಿ ಕಲಿಸುತ್ತಿದ್ದೇನೆ. ನಾನು ಖುದ್ದಾಗಿ ಕಂಡ ದೊಡ್ಡ ಮರಳು ನಮ್ಮ ಮನೆ ಕಟ್ಟುವಾಗ ಗೇಟಿನ ಮುಂದೆ ಸುರಿದಿದ್ದು.

೨. ಶಾಮಿಯಾನ

ಟೆಂಟು ಕಟ್ಟುವ ಅಭ್ಯಾಸ ಮಾಡಬೇಕು ಎಂದವರು ಮೆಕ್ಯಾನಿಕ್ ಸಾಹೇಬರು. ಇಪ್ಪತ್ತೈದು ವರ್ಷದಿಂದ ಭಾವನ ಸ್ಕೂಟರನ್ನು ಬದುಕಿಸಿಟ್ಟವರು ಅವರೇ. ಹಿಂದೆ ಸೌದಿಯಲ್ಲಿ ಎರಡು ವರ್ಷ ಮರಳಿನಲ್ಲಿ ಜೀಪು ಓಡಿಸಿದ್ದರು. ಹಾಗಾಗಿ ನಮ್ಮ ಮುಖ್ಯ ಡ್ರೈವರು. ಅಭ್ಯಾಸಕ್ಕೆ ಟೆಂಟು ಸಿಗಲಿಲ್ಲ. "ಬಟ್ಟೆ ಬಟ್ಟೆನೇ ಮೇಡಂ" ಅಂತ ಸಾಹೇಬರು ಒಂದು ಶಾಮಿಯಾನವನ್ನೇ ಗಾಡಿಯಲ್ಲಿ ಹಾಕಿಕೊಂಡು ಬಂದರು.

ಬುಧವಾರ ಬೆಳಿಗ್ಗೆ ಎಂಟೂವರೆ. ನಮ್ಮ ಮನೆಯ ಮುಂದೆ ಶಾಮಿಯಾನ ಏಳತೊಡಗಿತು. ಅಕ್ಕ ಒಂದು ಕಂಬ ಹಿಡಿದಿದ್ದಳು, ನಾನು ಒಂದು. ಭಾವ ಕಪ್ಪು ಕನ್ನಡಕ ಹಾಕಿಕೊಂಡು ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತು ಹಗ್ಗದ ಸಿಕ್ಕು ಬಿಡಿಸುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ, ಕಂಬ ಬೀಳುತ್ತದೆಂಬ ಹೆದರಿಕೆಗೆ.

ವಾರದ ನಡುವೆ, ಹೂವಿಲ್ಲದೆ ವಾಲಗವಿಲ್ಲದೆ, ಮನೆಯ ಮುಂದೆ ಶಾಮಿಯಾನ ಎದ್ದರೆ ನಮ್ಮ ಬೀದಿಯಲ್ಲಿ ಅದಕ್ಕೆ ಒಂದೇ ಅರ್ಥ. ಹತ್ತು ನಿಮಿಷದಲ್ಲಿ ಎದುರು ಮನೆಯವರು ಸೆರಗು ಹೊದ್ದು ಬಂದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಅದಕ್ಕೆ ಕೈಯಲ್ಲಿ ದೊಡ್ಡ ಫ್ಲಾಸ್ಕಿನ ತುಂಬಾ ಕಾಫಿ. ನನ್ನ ಕೈ ಹಿಡಿದುಕೊಂಡರು. ಎಲ್ಲರಿಗೂ ಬಗ್ಗಿಸಿ ಕೊಟ್ಟರು. ನಮಗೂ ಬೆಳಗ್ಗಿನಿಂದ ಕಾಫಿ ಆಗಿರಲಿಲ್ಲ. ಏನು ಒಳ್ಳೆಯ ಜನ ಎಂದುಕೊಂಡು ಕುಡಿದೆವು. ಸಾಹೇಬರಂತೂ ಎರಡು ಲೋಟ ಕುಡಿದರು.

ಆಮೇಲೆ ಅವರು ಮೆಲ್ಲಗೆ ಕೇಳಿದರು, "ಯಾರು?"

ನಾನು ಎಲ್ಲ ವಿವರಿಸಿದೆ. ಅವರು ಒಬ್ಬೊಬ್ಬರ ಮುಖವನ್ನೂ ಒಮ್ಮೆ ನೋಡಿ ಎಲ್ಲರೂ ಇರುವುದನ್ನು ಖಾತ್ರಿ ಮಾಡಿಕೊಂಡರು. ಸೆರಗು ಇಳಿಸಿದರು. "ಇರ್ಲಿ ಬಿಡಿ, ಒಳ್ಳೇದೇ ಆಯ್ತು" ಅಂದರು. ಗೇಟಿನ ತನಕ ಹೋದವರು ತಿರುಗಿ, "ಮಧ್ಯಾಹ್ನದ ಅನ್ನ-ಸಾರು ಮೂಲೆ ಮನೆಯವರು ಮಾಡ್ತಿದಾರೆ. ಈಗ ಬೇಡ ಅಂತ ಹೇಗೆ ಹೇಳೋದು? ಉಂಡುಬಿಡಿ" ಅಂದರು.

೩. ಹುಳಿ ಕಡಿಮೆ

ಅಡುಗೆ ಅಕ್ಕನ ಇಲಾಖೆ. ಗೊಜ್ಜವಲಕ್ಕಿ ಪುಡಿ, ಮೆಂತ್ಯದ ಹಿಟ್ಟು, ಚಟ್ನಿಪುಡಿ ಮೂರು ಬಗೆ, ಎಲ್ಲ ತಯಾರಿ ನಡೆದಿತ್ತು. ಒಂದು ಸಂಜೆ ನಾನು ಕ್ಯಾಂಪಿನವರು ಕಳಿಸಿದ್ದ ನಿಯಮಗಳನ್ನು ಕನ್ನಡ ಮಾಡಿ ಓದುತ್ತಿದ್ದೆ. ಆಹಾರ ಹೊರಗೆ ಬಿಡಬಾರದು, ಕತ್ತೆಕಿರುಬ ಬರುತ್ತದೆ. ಚಪ್ಪಲಿ ಹೊರಗೆ ಬಿಡಬಾರದು, ಅದನ್ನೂ ಒಯ್ಯುತ್ತದೆ. ಕಿತ್ತಳೆ, ನಿಂಬೆ ಜಾತಿಯ ಯಾವ ಹಣ್ಣನ್ನೂ ತರಲೇಬಾರದು, ವಾಸನೆಗೆ ಆನೆ ಟೆಂಟಿನ ತನಕ ಬರುತ್ತದೆ.

ಅಕ್ಕನ ಕೈ ನಿಂತಿತು. ಆವತ್ತೇ ಬೆಳಿಗ್ಗೆ ಅವಳು ಒಂದು ಜಾಡಿ ಹೇರಳೆಕಾಯಿ ಉಪ್ಪಿನಕಾಯಿ ಹಾಕಿದ್ದಳು.

"ಉಪ್ಪಿನಕಾಯಿ ಹಣ್ಣಲ್ಲ" ಅಂದಳು.

"ಆನೆಗೆ ಅದು ಗೊತ್ತಾಗ್ಬೇಕಲ್ಲ ಅಕ್ಕಾ."

"ಸಕ್ರೆಬೈಲಿನಲ್ಲಿ ಅಷ್ಟು ಆನೆ ಇವೆ, ಒಂದಾದ್ರೂ ನಮ್ಮನೆ ಉಪ್ಪಿನಕಾಯಿಗೆ ಬಂದಿದೆಯೇನೇ?"

ಗಾಡಿಯ ವಿಷಯ ಮಾತಾಡಲು ಬಂದಿದ್ದ ಸಾಹೇಬರು, "ಅವು ರುಚಿ ನೋಡಿಲ್ಲ ಅಕ್ಕಾ. ನೋಡಿದ್ರೆ ಬರ್ತಿದ್ವು" ಅಂದರು.

ಜಾಡಿ ಬಿಟ್ಟು ಬರಲು ಅಕ್ಕ ತಯಾರಿಲ್ಲ. ಅದು ಭಾವನಿಗೆ ಪ್ರಾಣ. ನಾನು ನಿಯಮ ನಿಯಮ ಎಂದು ಒದರುತ್ತಿದ್ದೆ. ಭಾವ ಇಬ್ಬರ ನಡುವೆ ರಾಜಿ ಮಾಡಿಸಿದರು. "ಆನೆ ತೀರಾ ಹತ್ತಿರ ಬಂದ್ರೆ ನನಗೆ ಒಂದು ಕಾಲು ಮಾತ್ರ ಕಾಣತ್ತೆ. ಸ್ವಲ್ಪ ದೂರ ನಿಂತ್ರೆ ಇಡೀ ಆನೆ ಕಾಣತ್ತೆ. ಹಾಗಾಗಿ ಜಾಡಿ ಬರ್ಲಿ, ಹುಳಿ ಮಾತ್ರ ಒಂಚೂರು ಕಡಿಮೆ ಮಾಡು."

೪. ಭೇಟಿಯ ಉದ್ದೇಶ

ಐದನೆಯವರು ಭಾವನ ಬಾಲ್ಯದ ಗೆಳೆಯರು, ನಿವೃತ್ತ ತಹಶೀಲ್ದಾರರು. ಗೆಳೆಯನಿಗೆ ಬಯಲಿನಲ್ಲಿ ಕೈ ಹಿಡಿದು ನಡೆಸಲು ಒಬ್ಬರು ಬೇಕು ಎಂದು ತಾವಾಗಿ ಹೊರಟವರು. ಮನುಷ್ಯ ಬಂಗಾರ. ಆದರೆ ನಿವೃತ್ತಿ ಇನ್ನೂ ಮೈಗೆ ಹತ್ತಿಲ್ಲ. ನಾವು ಟೀ ಕುಡಿಯುತ್ತಾ ಆಡಿದ ಮಾತಿಗೆಲ್ಲ ನಡಾವಳಿ ಬರೆದು, ಕೆಳಗೆ ಎಲ್ಲರ ಸಹಿ ತೆಗೆದುಕೊಳ್ಳುತ್ತಾರೆ. ವೀಸಾ ಅರ್ಜಿಯಲ್ಲಿ ಭೇಟಿಯ ಉದ್ದೇಶವೇನು ಎಂಬ ಕಡೆ ದಪ್ಪ ಅಕ್ಷರದಲ್ಲಿ 'ಸ್ಥಳ ಪರಿಶೀಲನೆ' ಎಂದು ಇಂಗ್ಲಿಷಿನಲ್ಲಿ ತುಂಬಿದ್ದರು.

"ಸಾರ್, ಹೀಗೆ ಬರೆದ್ರೆ ಅವರು ಗಾಬರಿಯಾಗ್ತಾರೆ" ಅಂದೆ.

"ಆಗ್ಬೇಕಮ್ಮ. ಗಾಬರಿಯಾದ್ರೆ ಕಸ ಗುಡಿಸಿ ಇಟ್ಟಿರ್ತಾರೆ."

ಕ್ಯಾಂಪಿನಲ್ಲಿ ಕೆಲಸ ಹಂಚಿಕೊಳ್ಳಬೇಕು. ನಾನು ಪಟ್ಟಿ ಮಾಡಿ ಪಾತ್ರೆ ತೊಳೆಯುವುದನ್ನು ಅವರಿಗೆ ಹಾಕಿದೆ. ಅವರು ಅದನ್ನು ಆದೇಶದಂತೆ ಸ್ವೀಕರಿಸಿ, ಮರುದಿನದಿಂದಲೇ ಮನೆಯಲ್ಲಿ ಅಭ್ಯಾಸಕ್ಕಿಳಿದರು. ಮೂರನೆಯ ದಿನ ಅವರ ಹೆಂಡತಿಯ ಫೋನು. "ಮದುವೆಯಾಗಿ ಮೂವತ್ತೆಂಟು ವರ್ಷ ಆಯ್ತು. ಉಂಡ ತಟ್ಟೆ ಪಕ್ಕಕ್ಕೆ ಸರಿಸಿದವರಲ್ಲ. ಈಗ ನಾನು ಉಂಡ ತಟ್ಟೆನೂ ಕಿತ್ಕೊಂಡು ತೊಳೀತಾರೆ. ಯಾವ ಡಾಕ್ಟರಿಗೆ ತೋರಿಸ್ಲಿ?"

ವಿಷಯ ಹೇಳಿದೆ. ಅವರು, "ಹಾಗಾದ್ರೆ ಒಂದು ಉಪಕಾರ ಮಾಡಿ. ಬಟ್ಟೆ ಒಗೆಯೋದನ್ನೂ ಅವರ ಹೆಸರಿಗೇ ಬರೀರಿ" ಅಂದರು.

೫. ಕುಂಸಿ ದಾರಿಯ ಟೈರು

ಮರುಭೂಮಿಯಲ್ಲಿ ಟೈರು ಬದಲಿಸಲು ಎಲ್ಲರಿಗೂ ಬರಬೇಕು ಎಂದು ಸಾಹೇಬರ ಪಟ್ಟು. "ಅಲ್ಲಿ ನೂರು ಕಿಲೋಮೀಟರಿಗೆ ಒಬ್ಬ ಮನುಷ್ಯ ಸಿಗಲ್ಲ ಮೇಡಂ. ನನಗೇ ಜ್ವರ ಬಂದು ಮಲಗಿದ್ರೆ ಯಾರು ಮಾಡ್ತೀರಿ?" ಒಂದು ಭಾನುವಾರ ನಮ್ಮೆಲ್ಲರನ್ನೂ ಜೀಪಿನಲ್ಲಿ ಕುಂಸಿ ಕಡೆ ಕರೆದುಕೊಂಡು ಹೋಗಿ, ರಸ್ತೆ ಬದಿಗೆ ನಿಲ್ಲಿಸಿ, ಹಿಂದಿನ ಚಕ್ರದ ಗಾಳಿ ಬಿಟ್ಟು, ತಾವು ಮರದಡಿ ಕೂತರು. "ನಾನು ಇಲ್ಲ ಅಂದ್ಕೊಳ್ಳಿ."

ನಾನು ಜಾಕು ಹುಡುಕುವಷ್ಟರಲ್ಲಿ ಒಂದು ಬೈಕು ನಿಂತಿತು. ಆಮೇಲೆ ಟ್ರ್ಯಾಕ್ಟರು. ಆಮೇಲೆ ಗದ್ದೆಯಿಂದ ಇಬ್ಬರು. "ಸರೀರಿ ಅಮ್ಮ, ನಿಮಗ್ಯಾಕೆ ಕಷ್ಟ" ಅಂದವರೇ ಸ್ಪ್ಯಾನರು ಕಿತ್ತುಕೊಂಡು ಐದು ನಿಮಿಷದಲ್ಲಿ ಚಕ್ರ ಬದಲಿಸಿ, ಕೈ ಒರೆಸಿಕೊಂಡು ಹೋದರು. ನಾನು ಮುಟ್ಟಿದ್ದು ಒಂದು ನಟ್ಟು, ಅದೂ ಉರುಳಿಹೋದಾಗ ಎತ್ತಿಕೊಡಲಿಕ್ಕೆ.

ಸಾಹೇಬರು ಮುಖ ಗಂಟಿಕ್ಕಿಕೊಂಡು ಇನ್ನೂ ಒಳಗಿನ ರಸ್ತೆಗೆ ಕರೆದೊಯ್ದರು. ಬಿಚ್ಚಿದ್ದ ಟೈರಿಗೆ ಪಂಪಿನಿಂದ ಗಾಳಿ ತುಂಬಿಟ್ಟು, ಮತ್ತೆ ಒಂದು ಚಕ್ರದ ಗಾಳಿ ಬಿಟ್ಟರು. ಈ ಸಲ ಏಳು ಜನ. ಅದರಲ್ಲೊಬ್ಬರು ಅಜ್ಜ ಯಾರನ್ನೋ ಮರ ಹತ್ತಿಸಿ ಎಳನೀರು ಕೆಡವಿಸಿದರು. ಮರದಡಿ ಕೂತಿದ್ದ ಸಾಹೇಬರಿಗೆ, "ಏನಯ್ಯಾ, ಹೆಂಗಸರು ಒದ್ದಾಡ್ತಿದ್ರೆ ನೋಡ್ಕೊಂಡು ಕೂತಿದೀಯಲ್ಲ, ಮನುಷ್ಯನಾ ನೀನು?" ಅಂತ ಬೈದೂ ಬೈದರು.

ಸಾಹೇಬರು ಎಳನೀರು ಕುಡಿದು ಬುರುಡೆ ಕೆಳಗಿಟ್ಟರು. "ಈ ಜಿಲ್ಲೇಲಿ ಪ್ರಾಕ್ಟೀಸ್ ಆಗಲ್ಲ ಮೇಡಂ. ಪಂಚರ್ ಆಗೋಕೂ ಆಫ್ರಿಕಾಕ್ಕೇ ಹೋಗ್ಬೇಕು."

೬. ಗಂಟು

ನಮ್ಮ ವಿಮಾನದ ದಿನ ಬಂದದ್ದು ಆಷಾಢದಲ್ಲಿ. ಆಷಾಢದಲ್ಲಿ ದೂರ ಪ್ರಯಾಣಕ್ಕೆ ಹೊಸ್ತಿಲು ದಾಟಬಾರದು ಎಂದು ಅಕ್ಕನ ಹಟ. ಇದಕ್ಕೆ ಹಿರಿಯರೇ ಒಂದು ಉಪಾಯ ಮಾಡಿಟ್ಟಿದ್ದಾರೆ, ಪ್ರಸ್ಥಾನ ಇಡುವುದು. ಒಳ್ಳೆಯ ದಿನ ನೋಡಿ ಅಕ್ಕಿ, ತೆಂಗಿನಕಾಯಿ, ಹೋಗುವವರ ಬಟ್ಟೆ, ಪ್ರಯಾಣಕ್ಕೆ ಬೇಕೇಬೇಕಾದ ಒಂದು ವಸ್ತು ಸೇರಿಸಿ ಗಂಟು ಕಟ್ಟಬೇಕು. ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಅದನ್ನು ಇಟ್ಟು ಬಂದರೆ ಆವತ್ತೇ ಹೊರಟ ಹಾಗೆ. ಆಮೇಲೆ ನಾವು ಅನುಕೂಲವಾದಾಗ ಹೋಗಿ ಗಂಟನ್ನು ಕೂಡಿಕೊಳ್ಳಬಹುದು. ಷರತ್ತು ಒಂದೇ: ಇಟ್ಟ ಗಂಟು ತಿರುಗಿ ಮನೆಗೆ ಬರಬಾರದು. ಬಂದರೆ ಪ್ರಯಾಣ ಮುರಿದಂತೆ. ಗಂಟಿಗೆ ಇಷ್ಟು ದಿನ ಅಂತ ಅವಧಿಯೂ ಉಂಟಂತೆ. ಆಫ್ರಿಕಾ ದೂರ ಎಂದು ಪುರೋಹಿತರು ದೊಡ್ಡ ಮನಸ್ಸು ಮಾಡಿ ಇಪ್ಪತ್ತೈದು ದಿನ ಕೊಟ್ಟರು.

ಆಫ್ರಿಕಾ ಯಾವ ದಿಕ್ಕು ಎಂದು ನನ್ನನ್ನು ಕೇಳಿದರು. ನೈರುತ್ಯ ಅಂದೆ. ಭದ್ರಾವತಿಯ ಅಕ್ಕನ ಮನೆಯಿಂದ ನೈರುತ್ಯಕ್ಕೆ ಹೊರಟರೆ ಮೊದಲು ಸಿಗುವುದು ಮುಚ್ಚಿದ ಹಿಟ್ಟಿನ ಗಿರಣಿ, ಆಮೇಲೆ ಪೆಟ್ರೋಲ್ ಬಂಕು, ಆಮೇಲೆ ಎರಡು ಕಿಲೋಮೀಟರಿಗೆ ಸಾಹೇಬರ ಮನೆ. ಅಕ್ಕ ಒಂದು ನಿಮಿಷ ಯೋಚಿಸಿ, "ಇಪ್ಪತ್ತೈದು ವರ್ಷ ನಮ್ಮ ಸ್ಕೂಟರ್ ಇಟ್ಕೊಂಡಿದಾರೆ. ಗಂಟು ಇಟ್ಕೊಳ್ಳಲ್ವಾ?" ಅಂದಳು. ಸಾಹೇಬರ ತಾಯಿ, ನಾವೆಲ್ಲ ಅಮ್ಮೀ ಅನ್ನುವವರು, ತಲೆ ತುಂಬ ಸೆರಗು ಹೊದ್ದು ಎರಡೂ ಕೈಯಲ್ಲಿ ಗಂಟು ತೆಗೆದುಕೊಂಡು, ಅಕ್ಕನಿಂದ ನಿಯಮವೆಲ್ಲ ಕೇಳಿ ತಿಳಿದುಕೊಂಡು, ಬೀರುವಿನಲ್ಲಿಟ್ಟು ಬೀಗ ಹಾಕಿದರು.

ವಾರ ಕಳೆಯಿತು. ವೀಸಾಕ್ಕೆ ಬೆರಳಚ್ಚು ಕೊಡಲು ಮರುದಿನ ಬೆಂಗಳೂರಿಗೆ ಹೋಗಬೇಕು. ಇದು ತಪ್ಪಿದರೆ ಮುಂದಿನ ದಿನಾಂಕ ಆಗಸ್ಟಿನಲ್ಲಿ. ಅಷ್ಟರಲ್ಲಿ ನಮ್ಮ ವಿಮಾನ ಹೋಗಿರುತ್ತದೆ, ಅಂದರೆ ಈ ವರ್ಷ ಇಲ್ಲ. ಬೇರೆ ಮನೆಗಳಲ್ಲಿ ಮುಂದಿನ ವರ್ಷ ನೋಡೋಣ ಅನ್ನುತ್ತಾರೆ. ನಮ್ಮಲ್ಲಿ ಎಂಟು ತಿಂಗಳಿಂದ ಯಾರೂ ಆ ಮಾತು ಆಡಿಲ್ಲ.

ಮಧ್ಯಾಹ್ನ ಅಕ್ಕನ ಫೋನು. "ಪಾಸ್‌ಪೋರ್ಟ್ ಎರಡೂ ಇಲ್ಲ ಕಣೇ. ಮನೆಯೆಲ್ಲ ಹುಡುಕಿದೆ." ಹಿಂದಿನಿಂದ ಭಾವನ ದನಿ ಕೇಳಿಸಿತು: "ಅವು ಹೊರಟಾಗಿದೆ."

ಗಂಟು ಕಟ್ಟಿದವರು ಭಾವ. ಪ್ರಯಾಣಕ್ಕೆ ಬೇಕೇಬೇಕಾದ ವಸ್ತು ಹಾಕಿ ಎಂದು ಅಕ್ಕ ಅಡುಗೆಮನೆಯಿಂದ ಕೂಗಿದ್ದಳು. "ಪಾಸ್‌ಪೋರ್ಟಿಗಿಂತ ಬೇಕಾದ್ದು ಯಾವುದಿದೆ ನೀನೇ ಹೇಳು" ಎಂದು ಭಾವ ಫೋನು ಇಸಿದುಕೊಂಡು ನನ್ನನ್ನೇ ಕೇಳಿದರು.

ಸಿಕ್ಕ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ತಹಶೀಲ್ದಾರರೂ ಬಂದರು. ಎಲ್ಲರೂ ಸಾಹೇಬರ ಮನೆಗೆ ಹೋದೆವು. "ಅಮ್ಮೀ, ಪಾಸ್‌ಪೋರ್ಟ್ ಅಷ್ಟೇ ತಗೊಂಡು ಹೋಗ್ತೀವಿ" ಅಂದೆ.

"ನಕ್ಕೋ, ಕೊಡಲ್ಲ" ಅಂದರು ಅಮ್ಮೀ. ಬೀಗದ ಕೈ ಅವರ ಸೊಂಟದಲ್ಲಿತ್ತು.

"ಅಮ್ಮೀ, ನಾಳೆ ಬೆಂಗಳೂರಲ್ಲಿ ತೋರಿಸ್ಬೇಕು" ಎಂದರು ಸಾಹೇಬರು.

"ನೀನು ಸುಮ್ಮನಿರು ಬೇಟಾ. ಇದು ಅಮಾನತ್, ನಂಬಿ ಇಟ್ಟಿದ್ದು. ವಾಪಸ್ ಮನೆಗೆ ಹೋದ್ರೆ ಸಫರ್ ಮುರೀತದೆ ಅಂತ ಈಕೆನೇ ಹೇಳಿದ್ದು. ಈ ಮನುಷ್ಯನ ಕಣ್ಣು ಹೋಗ್ತಾ ಇದೆ. ಮುಂದಿನ ವರ್ಷ ಅಂದ್ರೆ ಇವರಿಗೆ ಕತ್ತಲೆ. ನನ್ನ ಕೈಯಿಂದ ಗಂಟು ತಿರುಗಿ ಹೋಗಿ, ಇವರು ನೋಡೋದು ತಪ್ಪಿದ್ರೆ ನಾನು ಅಲ್ಲಾಗೆ ಏನು ಜವಾಬು ಕೊಡ್ಲಿ?"

ಎಂಟು ತಿಂಗಳು ನಾವು ಬಾಯಿಬಿಡದ ಮಾತನ್ನು ಅವರು ಬಾಯಿಪಾಠದ ಹಾಗೆ ಹೇಳಿಬಿಟ್ಟರು. ಭಾವ ಕನ್ನಡಕ ತೆಗೆದು ಒರೆಸಿದರು. ಅಕ್ಕ ಅಲ್ಲೇ ಚಾಪೆಯ ಮೇಲೆ ಕುಸಿದು ಕೂತು ಅತ್ತಳು. ಡಾಕ್ಟರು ಹೇಳಿದ ದಿನ ಅತ್ತಿರಲಿಲ್ಲ, ಅದೂ ಸೇರಿಸಿ ಅತ್ತಳು. ಅಮ್ಮೀ ಒಂದು ಕೈಯನ್ನು ಅವಳ ಬೆನ್ನ ಮೇಲಿಟ್ಟಿದ್ದರು. ಇನ್ನೊಂದು ಕೈ ಬೀಗದ ಕೈಯ ಮೇಲೇ ಇತ್ತು.

ಕಡೆಗೆ ತಹಶೀಲ್ದಾರರು ಗಂಟಲು ಸರಿಮಾಡಿಕೊಂಡರು. "ನಿಯಮದ ಪ್ರಕಾರ ಗಂಟು ಮನೆಗೆ ಹೋಗಬಾರದು, ಅಷ್ಟೇ. ಬೆಂಗಳೂರಿಗೆ ಹೋಗಬಾರದು ಅಂತ ಎಲ್ಲೂ ಇಲ್ಲ. ಇಲ್ಲಿಂದ ನೇರ ಬೆಂಗಳೂರು, ಅಲ್ಲಿಂದ ನೇರ ಇಲ್ಲಿಗೆ."

ಅಮ್ಮೀ ಯೋಚಿಸಿದರು. "ಅದು ಸರಿ. ಆದ್ರೆ ಇವರು ಗಂಟು ಕೂಡ್ಕೊಂಡ್ರೆ ಇವರೂ ಹೊರಟ ಹಾಗೇ ಅಲ್ವಾ? ಹೊರಟೋರು ಮನೆಗೆ ಹೇಗೆ ಹೋಗ್ತಾರೆ?"

ಮೂವತ್ತು ವರ್ಷ ಜನರ ತಕರಾರು ತೀರಿಸಿದ ತಹಶೀಲ್ದಾರರು ಜೇಬಿನಿಂದ ಪೆನ್ನು ತೆಗೆದು ಈ ಆಕ್ಷೇಪಣೆಯನ್ನು ನಡಾವಳಿಗೆ ಬರೆದುಕೊಂಡರು.

"ಹೋಗಬಾರದು" ಎಂದರು ಭಾವ, ಖುಷಿಯಿಂದ.

"ಗಂಟಲ್ಲಿ ನಿಂದೂ ಇದೆಯಲ್ಲ ಬೇಟಿ?" ಅಂತ ಅಮ್ಮೀ ಅಕ್ಕನನ್ನು ಕೇಳಿದರು. ಅಕ್ಕ ಕಣ್ಣೊರೆಸಿಕೊಳ್ಳುತ್ತಾ ಹೌದೆಂದು ತಲೆಯಾಡಿಸಿದವಳು ತಟ್ಟನೆ ಎದ್ದು ನಿಂತಳು. "ಅಯ್ಯೋ, ನಾನು ಹಾಲು ಕಾಯೋಕಿಟ್ಟು ಬಂದಿದೀನಿ!"

ಅವಳು ಹೋಗುವ ಹಾಗಿರಲಿಲ್ಲ. ಒಲೆ ಆರಿಸಲು, ಬಾಗಿಲು ಹಾಕಲು, ಬಟ್ಟೆಬರೆ ತರಲು ನಾನೇ ಓಡಿದೆ. ಪಾತ್ರೆ ಹೊತ್ತಿ ಕರಕಲಾಗಿತ್ತು.

ಮರುದಿನ ಬೆಳಗಿನ ಜಾವ ಐವರೂ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದೆವು. ಮೊನ್ನೆ ಎಲ್ಲರ ವೀಸಾ ಬಂತು. ಇಷ್ಟು ದಿನವೂ ಅಕ್ಕ-ಭಾವ ಇರುವುದು ಸಾಹೇಬರ ಮನೆಯ ಮುಂದಿನ ಕೋಣೆಯಲ್ಲಿ. ಅಕ್ಕನಿಗೆ ಹಿತ್ತಲಲ್ಲಿ ಬೇರೆ ಒಲೆ ಹಾಕಿಕೊಟ್ಟಿದ್ದಾರೆ. ಅಮ್ಮೀಗೂ ಕಣ್ಣಿನ ತೊಂದರೆ ಎಂದು ಆಮೇಲೆ ತಿಳಿಯಿತು. ಅವರಿಗೆ ಅಂಚು ಕಾಣುತ್ತದೆ, ನಡುವಿನದು ಕಾಣುವುದಿಲ್ಲ. ಭಾವನಿಗೆ ನಡುವಿನದು ಮಾತ್ರ. ಸಂಜೆ ಇಬ್ಬರೂ ಅಕ್ಕಪಕ್ಕ ಕೂತು, ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾ ಒಂದು ಟೀವಿಯನ್ನು ಪೂರ್ತಿ ನೋಡುತ್ತಾರೆ.

ನಾನು ಎರಡು ದಿನಕ್ಕೊಮ್ಮೆ ಹೋಗಿ ಅಕ್ಕನ ಮನೆಯ ಗಿಡಕ್ಕೆ ನೀರು ಹಾಕುತ್ತೇನೆ. ನಿನ್ನೆ ಪಕ್ಕದ ಮನೆಯವರು ಕಾಂಪೌಂಡಿನಿಂದ ಇಣುಕಿದರು.

"ಎಲ್ಲಿ ಮಾರಾಯ್ತಿ ನಿಮ್ಮಕ್ಕ, ಭಾವ? ಕಾಣೋದೇ ಇಲ್ಲ?"

"ಆಫ್ರಿಕಾಕ್ಕೆ ಹೊರಟ್ರು."

"ಹೌದಾ! ಯಾವಾಗ?"

"ಎರಡು ವಾರದ ಮೇಲಾಯ್ತು."

ಅವರ ಮುಖದಲ್ಲಿ ಏನೋ ಗಲಿಬಿಲಿ. ಹೇಳಲೋ ಬೇಡವೋ ಎಂದು ತಡೆದು, ದನಿ ತಗ್ಗಿಸಿದರು. "ನೀನು ಬೇಜಾರು ಮಾಡ್ಕೋಬೇಡ. ಇವತ್ತು ಬೆಳಿಗ್ಗೆ ಸಂತೇಲಿ ನಿಮ್ಮಕ್ಕ ಬದನೆಕಾಯಿ ಆರಿಸ್ತಿದ್ರು. ಭಾವ ಚೀಲ ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ರು. ನಾನು ಕಣ್ಣಾರೆ ನೋಡಿದೆ."

"ಹೌದು" ಅಂದೆ. "ಇನ್ನೂ ದಾರಿಯಲ್ಲಿದಾರೆ."